ಉದುರಿದ ಗರಿ ಬೇರೆ, ಮುರಿದ ಗರಿ ಬೇರೆ

ಹಿತ್ತಲಿನ ಹೇಂಟೆಯ ಬೆನ್ನು ಬೋಳಾದರೆ ಕೆಲವರು ಬೇವಿನೆಣ್ಣೆ ಹಚ್ಚುತ್ತಾರೆ, ಕೆಲವರು ದೃಷ್ಟಿ ತೆಗೆಯುತ್ತಾರೆ. ಎರಡು ತಿಂಗಳಲ್ಲಿ ಗರಿ ಬಂತೋ, ಹೆಸರು ಎಣ್ಣೆಗೆ ಅಥವಾ ಒಲೆಗೆ ಹಾಕಿದ ಮೆಣಸಿನಕಾಯಿಗೆ. ಬರಲಿಲ್ಲವೋ, ಕೋಳಿಯ ಗ್ರಹಚಾರ. ಆದರೆ ಹೊಸ ಗರಿ ಬೇಗ ಬರುತ್ತದೋ ಇಲ್ಲವೋ ಎಂಬುದನ್ನು ಎಣ್ಣೆ ಮುಟ್ಟುವ ಮೊದಲೇ ಓದಬಹುದು. ಕೋಳಿಯನ್ನು ಹಿಡಿದು, ಬೋಳು ಜಾಗವನ್ನು ಬೆಳಕಿಗೆ ತಿರುಗಿಸಿ ನೋಡಬೇಕು, ಅಷ್ಟೆ. ಅಲ್ಲಿರುವುದು ಖಾಲಿ ಗುಳಿಗಳೋ, ಮುಳ್ಳಿನಂತೆ ಎದ್ದ ಮೊಳಕೆಗಳೋ, ಮುರಿದ ಕಡ್ಡಿಯಂಥ ಮೋಟುಗಳೋ?

ಪ್ರತಿ ಗರಿಯೂ ಚರ್ಮದೊಳಗಿನ ಒಂದು ಗುಳಿಯಲ್ಲಿ ಹುಟ್ಟುತ್ತದೆ. ಗುಳಿಯ ತಳದ ಜೀವಕೋಶಗಳು ಕೆರಟಿನ್ ಎಂಬ ಪ್ರೋಟೀನಿನ ಕೊಳವೆಯನ್ನು ಹೊರಕ್ಕೆ ತಳ್ಳುತ್ತವೆ, ಶಾವಿಗೆ ಒರಳು ಎಳೆಯನ್ನು ತಳ್ಳಿದ ಹಾಗೆ. ಆ ಕೊಳವೆಯೊಳಗೆ ಗರಿ ಸುತ್ತಿಕೊಂಡಿರುತ್ತದೆ, ಬಾಳೆಯ ಸುಳಿಯಲ್ಲಿ ಎಲೆ ಸುತ್ತಿಕೊಂಡಂತೆ. ಹೊರಪೊರೆ ಪುಡಿಯಾಗಿ ಉದುರಿದಾಗ ಬಿಚ್ಚಿಕೊಳ್ಳುತ್ತದೆ. ಬೆಳೆಯುವಷ್ಟು ದಿನ ಅದರಲ್ಲಿ ರಕ್ತ ಹರಿಯುತ್ತದೆ. ಮೊಳಕೆಗರಿ ನೀಲಿಯಾಗಿ ಕಾಣುವುದಕ್ಕೂ, ಅದನ್ನು ಮುಟ್ಟಿದರೆ ಕೋಳಿ ಕಿರುಚುವುದಕ್ಕೂ ಅದೇ ಕಾರಣ. ಬೆಳೆದು ಮುಗಿದ ಮೇಲೆ ರಕ್ತ ಹಿಂದೆ ಸರಿಯುತ್ತದೆ, ಗರಿ ಉಗುರಿನ ತುದಿಯಂತೆ ನಿರ್ಜೀವವಾಗುತ್ತದೆ. ಉಗುರಿನ ಬುಡವಾದರೂ ದಿನವೂ ದುಡಿಯುತ್ತಿರುತ್ತದೆ, ಗರಿಯ ಬುಡ ನಿದ್ದೆಗೆ ಹೋಗಿಬಿಡುತ್ತದೆ. ಅಡಿಕೆ ಮರದ ಸೋಗೆಯನ್ನು ಅರ್ಧಕ್ಕೆ ಕತ್ತರಿಸಿ ನೋಡಿ: ಕತ್ತರಿಸಿದ ಅರ್ಧ ಮತ್ತೆ ಚಿಗುರುವುದಿಲ್ಲ, ಉಳಿದರ್ಧ ಹಾಳೆ ಕಳಚುವವರೆಗೂ ಹಾಗೇ ನೇತಾಡುತ್ತದೆ. ಹೋಲಿಕೆ ಮೂರು ನಾಲ್ಕಾದವು, ಆದರೆ ಎಲ್ಲವೂ ಈ ಒಂದು ಮಾತಿಗೆ: ಬುಡಸಮೇತ ಹೋದ ಗರಿಯ ಗುಳಿ ಎಚ್ಚರಗೊಂಡು ಆರರಿಂದ ಎಂಟು ವಾರಗಳಲ್ಲಿ ಹೊಸದನ್ನು ಕೊಡುತ್ತದೆ. ಮೋಟು ಉಳಿದ ಗುಳಿಗೆ ಗರಿ ಹೋಗಿರುವುದೇ ಗೊತ್ತಿಲ್ಲ. ಮುಂದಿನ ಸಲ ಗರಿ ಬದಲಿಸುವವರೆಗೆ, ಒಮ್ಮೊಮ್ಮೆ ವರ್ಷದ ತನಕ, ಅದು ಮಲಗಿಯೇ ಇರುತ್ತದೆ. ಹಾಗೆಂದು ಮೋಟುಗಳನ್ನು ಕಿತ್ತು ಎಬ್ಬಿಸಲು ಹೋಗಬೇಡಿ. ಬಹಳ ನೋವು, ಚರ್ಮವೂ ಹರಿಯುತ್ತದೆ.

ಖಾಲಿ ಗುಳಿ, ಮೊಳಕೆ ಎರಡೂ ಇದ್ದು ಚರ್ಮ ತಿಳಿಯಾಗಿದ್ದರೆ ಕೋಳಿ ಗರಿ ಬದಲಿಸುತ್ತಿದೆ. ಸಾಮಾನ್ಯವಾಗಿ ತಲೆ, ಕತ್ತಿನಿಂದ ಶುರುವಾಗಿ ಬಾಲಕ್ಕೆ ಮುಗಿಯುತ್ತದೆ, ಮೊಟ್ಟೆ ನಿಲ್ಲುತ್ತದೆ. ‘ಚಳಿಗಾಲಕ್ಕೆ ಮುಂಚೆ ಗರಿ ಉದುರುತ್ತದೆ’ ಎಂಬುದು ಯುರೋಪಿನ ಪುಸ್ತಕದ ಮಾತು. ಹಗಲು ಕುಗ್ಗುವುದೇ ಕೋಳಿಗೆ ಗರಿ ಉದುರಿಸುವ ಸೂಚನೆ. ಲಂಡನ್ನಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗೂ ಮೀರಿದ ಅಂತರ. ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ, ಇಲ್ಲಿ ಅಂತರ ಒಂದೂವರೆ ಗಂಟೆಯಷ್ಟೆ. ಸೂರ್ಯನ ಗಂಟೆ ಮೆಲ್ಲಗೆ ಬಾರಿಸುವುದರಿಂದ ನಮ್ಮ ನಾಟಿ ಕೋಳಿಗಳು ಒಟ್ಟಿಗೆ ಉದುರಿಸುವುದಿಲ್ಲ. ಕಾವು ಕೂತೆದ್ದು ಮರಿ ಬಿಟ್ಟ ಮೇಲೆ ಒಂದೊಂದೇ ಬದಲಿಸುತ್ತವೆ.

ಆಗ ಬೇಕಾದ್ದು ಔಷಧಿಯಲ್ಲ, ಊಟ. ಗರಿಯ ಬಹುಪಾಲು ಪ್ರೋಟೀನು, ಅದರಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು. ನುಚ್ಚು, ರಾಗಿಯಲ್ಲಿ ಪ್ರೋಟೀನು ನೂರಕ್ಕೆ ಏಳೆಂಟು ಭಾಗ ಮಾತ್ರ. ಕೋಳಿಯೊಂದಕ್ಕೆ ದಿನಕ್ಕೆ ಹತ್ತು ಗ್ರಾಂ ಕಡಲೆಕಾಯಿ ಹಿಂಡಿ, ಐದು ಗ್ರಾಂ ಉಪ್ಪಿಲ್ಲದ ಒಣಮೀನಿನ ಪುಡಿ ಸೇರಿಸಿ. ಹಿಂಡಿಯಲ್ಲಿ ಕಡಿಮೆ ಇರುವ ಮಿಥಿಯೋನಿನ್ ಎಂಬ ಗಂಧಕದ ಅಮೈನೋ ಆಮ್ಲ ಮೀನಿನಲ್ಲಿ ಸಿಗುತ್ತದೆ. ಉಪ್ಪು ಹಾಕಿದ ಮೀನಾದರೆ ನೀರು ನೀರಾಗಿ ಹಿಕ್ಕೆ ಹಾಕುತ್ತವೆ, ಹೆಚ್ಚಾದರೆ ಸಾಯುತ್ತವೆ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ತಿಪ್ಪೆಗೂ ಎಸೆಯಬೇಡಿ, ಕೋಳಿ ಅಲ್ಲೇ ಹೋಗಿ ತಿನ್ನುತ್ತದೆ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ.

ಬೆನ್ನು, ತಲೆಯ ಹಿಂಭಾಗದಲ್ಲಿ ಮೋಟುಗಳಿದ್ದರೆ ಹುಂಜನನ್ನು ನೋಡಿ. ನಾಲ್ಕು ನಾಟಿ ಹೇಂಟೆಗೆ ದೊಡ್ಡ ಮೈಯ ಗಿರಿರಾಜ ತಳಿಯ ಒಂದು ಹುಂಜ ಬಿಟ್ಟರೆ ಅದರ ತೂಕ, ಉಗುರು ಎಲ್ಲವೂ ಅದೇ ಒಂದೆರಡು ಬೆನ್ನಿನ ಮೇಲೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇರಲಿ, ಇಲ್ಲವೇ ಹುಂಜನನ್ನು ಬೇರೆ ಕಟ್ಟಿ. ಬಾಲದ ಬುಡದಲ್ಲಿ ರಕ್ತ ಕಂಡರೆ ಜೊತೆಯ ಕೋಳಿಗಳ ಕುಕ್ಕಾಟ. ಕೆಂಪು ಕಂಡಷ್ಟೂ ಕುಕ್ಕುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಮಾಯುವವರೆಗೆ ಬಲೆಯ ಆಚೆ ಇಡಿ. ಒಂದನ್ನೊಂದು ನೋಡುತ್ತಿರಲಿ. ಪೂರ್ತಿ ಮರೆ ಮಾಡಿದರೆ ವಾಪಸು ಬಂದ ದಿನ ಹೊಸಬಳೆಂದು ಮತ್ತೆ ಕುಕ್ಕುತ್ತವೆ.

ಇನ್ನು ತುರಿಕೆ. ಗುದದ್ವಾರದ ಸುತ್ತ ಗರಿ ಬಿಡಿಸಿದಾಗ ಒಣಹುಲ್ಲಿನ ಬಣ್ಣದ ಹುಳು ಓಡಿದರೆ, ಗರಿಯ ಬುಡದಲ್ಲಿ ಬಿಳಿ ಮೊಟ್ಟೆಯ ಗೊಂಚಲಿದ್ದರೆ ಹೇನು. ಅದು ಕೋಳಿಯ ಮೈಬಿಟ್ಟು ಹೋಗುವುದಿಲ್ಲ. ಶೇಕಡಾ 0.25ರ ಪರ್ಮೆಥ್ರಿನ್ ಎಂಬ ಕೀಟನಾಶಕದ ಪುಡಿಯಾದರೆ ಕೋಳಿಗೆ ನಾಲ್ಕೈದು ಗ್ರಾಂ, ಗರಿಯಡಿ ಉಜ್ಜಿ ಹತ್ತನೇ ದಿನ ಮತ್ತೊಮ್ಮೆ. ಪುಡಿಗೆ ಸಾಯದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಎರಡನೇ ಸಲ ಬಿಟ್ಟವರೇ ‘ಔಷಧಿ ಹಿಡಿಯಲಿಲ್ಲ’ ಎನ್ನುವವರು. ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಪಶುವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಕೆಂಪು ನುಸಿಯ ಕಥೆಯೇ ಬೇರೆ. ಅರಸೀಕೆರೆ ಕಡೆ ತೆಂಗಿಗೆ ಬಿದ್ದ ನುಸಿಗೆ ಇದು ದೂರದ ನೆಂಟ, ಎಂಟು ಕಾಲಿನ ಜೇಡದ ಬಳಗ. ಹಗಲೆಲ್ಲ ಗೂಡಿನ ಸಂದಿಯಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲಲ್ಲಿ ಕೋಳಿ ಹಿಡಿದು ಹುಡುಕಿದರೆ ಏನೂ ಸಿಗದು, ಅಲ್ಲಿಗೆ ‘ಹುಳು ಇಲ್ಲ, ಗಾಳಿ ಸೋಕಿದೆ’ ಎಂಬ ತೀರ್ಪು. ಕತ್ತಲಾದ ಎರಡು ಗಂಟೆಯ ಮೇಲೆ ಬ್ಯಾಟರಿ ಹಿಡಿದು, ಕೋಳಿ ಕೂರುವ ಗಳುವಿನ ಅಡಿಗೆ ಬಿಳಿ ಬಟ್ಟೆ ಸವರಿ. ಕೆಂಪು ಗೀರು ಬಿದ್ದರೆ ಅದು ನಿಮ್ಮ ಕೋಳಿಯದೇ ರಕ್ತ. ಸೀಳಿದ ಬಿದಿರಿನ ಗಳು ನುಸಿಗೆ ಛತ್ರವಿದ್ದಂತೆ, ಅದನ್ನು ತೆಗೆದು ನಯವಾದ ಸಿಲ್ವರ್ ಓಕ್ ರೀಪು ಹಾಕಿ. ಕೋಳಿಗಳನ್ನು ಹೊರಗಟ್ಟಿ ಸಂದಿಗಳಿಗೆಲ್ಲ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಗಟ್ಟಿ ಸುಣ್ಣ ಬಳಿದು ಸಂದಿ ಮುಚ್ಚಿ. ಸೆಕೆಯಲ್ಲಿ ವಾರಕ್ಕೊಂದು ಪೀಳಿಗೆ ತಯಾರಾಗುವುದರಿಂದ ಬಿಸಿನೀರು ವಾರಕ್ಕೊಮ್ಮೆಯಂತೆ ಮೂರು ಸಲ. ಗೂಡನ್ನು ಒಂದು ತಿಂಗಳು ಖಾಲಿ ಬಿಟ್ಟರೆ ಸಾಯುತ್ತವೆ ಎಂದುಕೊಳ್ಳಬೇಡಿ, ತಂಪಿನಲ್ಲಿ ಅವು ಹಲವು ತಿಂಗಳು ಉಪವಾಸ ಇರಬಲ್ಲವು.

ಸೀಮೆಎಣ್ಣೆ ಮಾತ್ರ ಬೇಡ. ಹುಳುವಿನೊಟ್ಟಿಗೆ ಚರ್ಮವೂ ಸುಡುತ್ತದೆ. ಯಾವ ಎಣ್ಣೆಯೇ ಆಗಲಿ ಮೈತುಂಬ ಸುರಿದರೆ ಗರಿ ಅಂಟಿಕೊಂಡು, ಆಷಾಢದ ಗಾಳಿಗೆ ಕೋಳಿ ನಡುಗಿ ಸೊರಗುತ್ತದೆ. ಅದಕ್ಕಿಂತ ಮಳೆ ಬೀಳದ ಮೂಲೆಯಲ್ಲಿ ಎರಡಡಿ ಅಗಲದ ಪೆಟ್ಟಿಗೆಗೆ ಒಣ ಮಣ್ಣು, ಮರಳು, ಸೌದೆ ಬೂದಿ ಅರ್ಧ ಅಡಿ ತುಂಬಿಡಿ, ಹೊರಳಾಡಿ ಅವೇ ಮೈ ಶುಚಿ ಮಾಡಿಕೊಳ್ಳುತ್ತವೆ. ತಲೆ, ಕತ್ತಿನ ಗರಿಗಳು ಚರ್ಮದ ಮಟ್ಟಕ್ಕೇ ಮುರಿದು, ಬುಡದಲ್ಲಿ ಹೊಟ್ಟಿನಂಥ ಪದರ ಕಂಡರೆ ಗರಿಬುಡ ಕೊರೆಯುವ ನುಸಿಯಿರಬಹುದು. ಅದು ಬರಿಗಣ್ಣಿಗೆ ಕಾಣುವುದಿಲ್ಲ, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪಶು ಆಸ್ಪತ್ರೆಗೋ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಹೋಗುವಾಗ ಎಣ್ಣೆ, ಅರಿಶಿನ ಏನನ್ನೂ ಹಚ್ಚದೆ ಕೋಳಿಯನ್ನು ಇದ್ದ ಹಾಗೇ ಒಯ್ಯಿರಿ.