ಲಾ ಕಾಲೇಜಿಗೆ ಮುಂಚಿನ ಒಂದು ವರ್ಷ

"ಸರ್, ಒಂದು ವರ್ಷ ಬಿಟ್ಟು ಲಾ ಸೇರ್ತೀನಿ. ಅಷ್ಟರೊಳಗೆ ಯಾವ ಕಾನೂನು ಪುಸ್ತಕ ಓದಿ ಮುಗಿಸಲಿ?" ಹೀಗೆ ಕೇಳಿಕೊಂಡು ಆಗಾಗ ಯಾರಾದರೂ ಬರುತ್ತಾರೆ. ಯಾವುದೂ ಬೇಡ ಅನ್ನುತ್ತೇನೆ. ಅವನ್ನು ಕಾಲೇಜಿನವರು ಹೇಗಿದ್ದರೂ ಓದಿಸುತ್ತಾರೆ. ಪ್ರವೇಶ ಪರೀಕ್ಷೆ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಆಮೇಲೆ ಕೋರ್ಟಿಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಮಕ್ಕಳ ಕೇಸಿನಂಥ ಕೆಲವನ್ನು ಬಿಟ್ಟರೆ ವಿಚಾರಣೆ ಸಾಮಾನ್ಯವಾಗಿ ಎಲ್ಲರ ಮುಂದೆಯೇ ನಡೆಯುತ್ತದೆ. ದೊಡ್ಡ ಕೋರ್ಟು ಬೇಡ, ಸಾಕ್ಷಿಗಳು ಕಟಕಟೆ ಹತ್ತುವ ಕೆಳಗಿನ ಕೋರ್ಟೇ ಆಗಲಿ. ಮೊದಲ ದಿನ ಏನೂ ಅರ್ಥವಾಗುವುದಿಲ್ಲ. ಕೇಸಿನ ಮೇಲೆ ಕೇಸು ಮುಂದಕ್ಕೆ ಹೋಗುತ್ತದೆ. ಬೇಜಾರಾಗುತ್ತದೆ. ನಮ್ಮ ವೃತ್ತಿಯಲ್ಲಿ ಕಾಯುವುದೇ ಜಾಸ್ತಿ, ಅದೂ ಗೊತ್ತಾಗಲಿ. ಒಂದು ದಿನ ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ವಕೀಲರು ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ, ಕೈಗೆ ಬಂದಿದ್ದನ್ನು ಕಳೆದುಕೊಳ್ಳುವುದನ್ನು ನೋಡುತ್ತೀರಿ. ನಾನೂ ಕಳೆದುಕೊಂಡಿದ್ದೇನೆ.

ಓದಲೇಬೇಕು ಅನ್ನಿಸಿದರೆ ಒಂದು ತೀರ್ಪನ್ನು ಪೂರ್ತಿ ಓದಿ. ಡೊನಹ್ಯೂ ವರ್ಸಸ್ ಸ್ಟೀವನ್ಸನ್, 1932. ಸ್ಕಾಟ್ಲೆಂಡಿನ ಪೇಸ್ಲಿಯ ಕೆಫೆಯೊಂದರಲ್ಲಿ 1928ರಲ್ಲಿ ಮೇ ಡೊನಹ್ಯೂ ಜಿಂಜರ್ ಬಿಯರ್ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಅನ್ನುವುದು ಅವರ ದೂರು. ದುಡ್ಡು ಕೊಟ್ಟಿದ್ದು ಸ್ನೇಹಿತರು, ಹಾಗಾಗಿ ಕೆಫೆಯವರ ಜೊತೆ ಇವರಿಗೆ ಒಪ್ಪಂದವೇ ಇಲ್ಲ, ಅದರ ಮೇಲೆ ಕೇಸು ಹಾಕುವ ಹಾಗಿಲ್ಲ. ಹಾಗಾದರೆ ಅದನ್ನು ತಯಾರಿಸಿದವರು ಹೊಣೆಯೇ? ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮೂವರು ನ್ಯಾಯಾಧೀಶರು ಹೌದು ಅಂದರು, ಇಬ್ಬರು ಇಲ್ಲ ಅಂದರು. ಆ ಇಬ್ಬರ ಮಾತನ್ನು, ಅವರೇ ಓದಿದರೂ ತಲೆಯಾಡಿಸುವ ಹಾಗೆ, ಒಂದು ಪುಟದಲ್ಲಿ ಬರೆಯಿರಿ. ಕಷ್ಟ ಇರುವುದು ಅಲ್ಲೇ. (ಹುಳು ನಿಜಕ್ಕೂ ಇತ್ತಾ ಅನ್ನುವುದು ಕೊನೆಗೂ ಸಾಬೀತಾಗಲಿಲ್ಲ. ಕೇಸು ರಾಜಿಯಲ್ಲಿ ಮುಗಿಯಿತು.)

ವಕೀಲರ ಕಚೇರಿಯಲ್ಲಿ ಕೆಲಸ ಸಿಕ್ಕರೆ ಬಿಡಬೇಡಿ, ಫೈಲು ಜೋಡಿಸುವುದಾದರೂ ಸರಿ. ಹಾಗೆ ಬಂದ ಹುಡುಗಿಯೊಬ್ಬಳಿಗೆ ಒಂದು ಫೈಲಿನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಇಟ್ಟು, ಒಂದೊಂದಕ್ಕೂ ಒಂದೊಂದು ಸಾಲು ಬರೆ ಅಂದೆ. ಸಂಜೆ ಬಂದು ಮೆಲ್ಲಗೆ ಕೇಳಿದಳು: "ಸರ್, ನೋಟಿಸಿಗಿಂತ ಎರಡು ದಿನ ಮುಂಚೆನೇ ಅದಕ್ಕೆ ಉತ್ತರ ಕೊಟ್ಟಿದ್ದಾರಲ್ಲ, ಹೇಗೆ?" ಆ ಫೈಲನ್ನು ನಾನು ಎರಡು ಸಲ ಓದಿದ್ದೆ. ಅಲ್ಲಿ ಕಂಡದ್ದನ್ನು ಮಾತ್ರ ಮನೆಯಲ್ಲೂ ಆಡಬಾರದು, ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಕಚೇರಿ ಸಿಗದಿದ್ದರೆ ಗಿರಾಕಿಗಳ ದೂರು ಕೇಳುವ ಕೌಂಟರಿನ ಕೆಲಸವಾದರೂ ಹಿಡಿಯಿರಿ. ಫೀಸಿಗೆ ನಾಲ್ಕು ಕಾಸೂ ಆಗುತ್ತದೆ. ಸಿಟ್ಟಿನಲ್ಲಿ ಬಂದವರು ಕಥೆಯನ್ನು ನಡುವಿನಿಂದ ಶುರು ಮಾಡುತ್ತಾರೆ, ತಮ್ಮ ತಪ್ಪಿನ ಭಾಗವನ್ನು ಹಾರಿಸುತ್ತಾರೆ. ನಮ್ಮ ಕಕ್ಷಿದಾರರೂ ಹಾಗೇ.