ಕೈತೋಟದ ಮಡಿಗೆ ಹೊದಿಕೆ ಎಷ್ಟು ಬೇಕು: ಅಡಿ, ಇಂಚು, ಬಕೆಟ್ ಲೆಕ್ಕ

ಹಿತ್ತಿಲಲ್ಲಿ ನನ್ನವು ನಾಲ್ಕು ತರಕಾರಿ ಮಡಿಗಳು. ಬದನೆ, ಟೊಮೆಟೊ, ಮೆಣಸಿನಗಿಡ, ಬೆಂಡೆ. ಅವಕ್ಕೆ ಒಣ ಎಲೆಯ ಹೊದಿಕೆ ಎಷ್ಟು ಬೇಕು ಅಂತ ಈ ತಿಂಗಳು ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಕಾಗದದ ಮೇಲೆ ಸರಿ, ಮಡಿಯಲ್ಲಿ ಸಾಲದಾಯಿತು. ಮೂರನೆಯದು ನಿಂತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೈತೋಟ ಈಗಷ್ಟೇ ಕಲಿಯುತ್ತಿರುವವರಿಗೂ ಉಪಯೋಗವಾಗಲಿ.

ಹೊದಿಕೆ ಯಾಕೆ ಬೇಕು ಅಂತ ಇಲ್ಲಿ ಬರೆಯುವುದಿಲ್ಲ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಎಲೆ ಕೊಳೆತು ಮಣ್ಣು ಸೇರುತ್ತದೆ, ಅಷ್ಟು ಸಾಕು. ಸೂತ್ರವೂ ಎಲ್ಲರೂ ಶಾಲೆಯಲ್ಲಿ ಓದಿದ್ದೇ: ಉದ್ದ × ಅಗಲ × ದಪ್ಪ.

ಮೊದಲ ಲೆಕ್ಕ ಕೆಟ್ಟಿದ್ದು ಎಲ್ಲಿ

ಒಂದೊಂದು ಮಡಿ 10 ಅಡಿ ಉದ್ದ, 3 ಅಡಿ ಅಗಲ. ನಾಲ್ಕೂ ಸೇರಿ 120 ಚದರ ಅಡಿ. ಹೊದಿಕೆ 2 ಇಂಚು ಇರಲಿ ಅಂದುಕೊಂಡೆ. 120 × 2 = 240. ಪಕ್ಕದಲ್ಲಿ ‘ಘನ ಅಡಿ’ ಅಂತ ಬರೆದೆ.

ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಒಳಗೆ ಸುಮಾರು 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇರುತ್ತದೆ, ಅಂದರೆ 120 ಘನ ಅಡಿ. ಹಾಗಾಗಿ ಎರಡು ಲೋಡ್ ಹೊಂಗೆ ಎಲೆ ಬೇಕು ಅಂತ ಫೋನ್ ಮಾಡಿದೆ. ಟ್ರ್ಯಾಕ್ಟರ್ ಓಡಿಸುವ ಹುಡುಗ ಒಂದು ಕ್ಷಣ ಸುಮ್ಮನಿದ್ದು, “ಅಕ್ಕ, ಎಷ್ಟು ಮಡಿ ಅಂದ್ರಿ? ನಾಲ್ಕಾ? ಒಂದ್ ಲೋಡಲ್ಲಿ ನಮ್ಮ ತೋಟದಲ್ಲಿ ಹತ್ತು ತೆಂಗಿನ ಬುಡ ಮುಚ್ತೀವಿ” ಅಂದ. ಅವನ ಮಾತು ಕೇಳಿ ಮತ್ತೆ ಪುಸ್ತಕ ತೆಗೆದೆ.

ತಪ್ಪು ಆ ‘ಘನ ಅಡಿ’ ಅನ್ನುವ ಪದದಲ್ಲೇ ಇತ್ತು. ಉದ್ದ ಅಡಿಯಲ್ಲಿ, ಅಗಲ ಅಡಿಯಲ್ಲಿ, ದಪ್ಪ ಮಾತ್ರ ಇಂಚಿನಲ್ಲಿ. ಮೂರನ್ನೂ ಗುಣಿಸಿದಾಗ ಬರುವುದು ಘನ ಅಡಿಯೂ ಅಲ್ಲ, ಘನ ಇಂಚೂ ಅಲ್ಲ. ಹಾಗಾದರೆ ಆ 240 ಏನು? ನನಗೆ ಇದು ಅರ್ಥವಾಗಿದ್ದು ಹಲಗೆ ನೆನೆಸಿಕೊಂಡಾಗ. 1 ಅಡಿ ಉದ್ದ, 1 ಅಡಿ ಅಗಲ, 1 ಇಂಚು ದಪ್ಪದ ಹಲಗೆ ಒಂದಿದೆ ಅಂದುಕೊಳ್ಳಿ. 240 ಅನ್ನುವುದು ಅಂಥ ಹಲಗೆಗಳ ಎಣಿಕೆ. ಮಡಿಗಳ ಮೇಲೆಲ್ಲ ಒಂದು ಸಾಲು ಹಾಸಿದರೆ 120 ಹಲಗೆ, ಅದರ ಮೇಲೆ ಇನ್ನೊಂದು ಸಾಲು ಹಾಸಿದರೆ ಇನ್ನೊಂದು 120. ಈಗ ಇವನ್ನು ಎತ್ತಿ ಒಂದರ ಮೇಲೊಂದು ಪೇರಿಸಿ. ಹನ್ನೆರಡು ಹಲಗೆ ಪೇರಿಸಿದಾಗ ಒಂದು ಅಡಿ ಎತ್ತರ, ಅದು 1 ಘನ ಅಡಿ. ಅಂದರೆ 240 ಹಲಗೆಗೆ 20 ಘನ ಅಡಿ.

ಆದ್ದರಿಂದ: ಚದರ ಅಡಿ × ಇಂಚು ÷ 12 = ಘನ ಅಡಿ.

ನನಗೆ ಬೇಕಿದ್ದದ್ದು ಎರಡು ಲೋಡ್ ಅಲ್ಲ, ಒಂದು ಲೋಡಿನ ಆರನೇ ಒಂದು ಭಾಗ. ಈ 12ರಿಂದ ಭಾಗಿಸುವುದನ್ನು ಮರೆತರೆ ಉತ್ತರ ಸ್ವಲ್ಪ ತಪ್ಪುವುದಿಲ್ಲ, ಹನ್ನೆರಡು ಪಟ್ಟು ತಪ್ಪುತ್ತದೆ.

ಇದರ ಜೊತೆಗೆ ಇನ್ನೊಂದು ಇದೆ. ನಮ್ಮಲ್ಲಿ ಗಾರೆ ಕೆಲಸದವರು, ಬಡಗಿಗಳು 3 ಅಡಿ 6 ಇಂಚನ್ನು ‘3.6’ ಅಂತ ಬರೆಯುತ್ತಾರೆ. ಅವರಿಗೆ ಆ ಚುಕ್ಕಿ ಅಡಿ ಮತ್ತು ಇಂಚಿನ ನಡುವಿನ ಗೆರೆ ಅಷ್ಟೇ, ಅವರ ಕೆಲಸಕ್ಕೆ ಅದು ಸರಿಯಾಗಿಯೇ ಇದೆ. ಆದರೆ ಅದೇ ಅಂಕಿಯನ್ನು ಫೋನಿನ ಕ್ಯಾಲ್ಕುಲೇಟರಿಗೆ ಒತ್ತಿದರೆ ಅದು ದಶಮಾಂಶ ಆಗುತ್ತದೆ. 3 ಅಡಿ 6 ಇಂಚು ಅಂದರೆ 3.5 ಅಡಿ. 3 ಅಡಿ 9 ಇಂಚು ಅಂದರೆ 3.75. ಗೋಡೆ ಪಕ್ಕ ಹೊಸದಾಗಿ ಮಾಡುತ್ತಿರುವ ಐದನೇ ಮಡಿ 7 ಅಡಿ 10 ಇಂಚು ಉದ್ದ. ಅದನ್ನು 7.10 ಅಂತ ಒತ್ತಿದೆ. ಕ್ಯಾಲ್ಕುಲೇಟರ್ ಅದನ್ನು 7.1 ಅಂತಲೇ ಓದುತ್ತದೆ, ನಿಜವಾಗಿ ಇರುವುದು 7.83. ಇಂಚನ್ನು ಮೊದಲು 12ರಿಂದ ಭಾಗಿಸಿ, ಆಮೇಲೆ ಅಡಿಗೆ ಕೂಡಿಸಿ. ಹೊದಿಕೆಯ ದಪ್ಪಕ್ಕೂ ಇದೇ: 2 ಇಂಚು 0.2 ಅಡಿ ಅಲ್ಲ, 0.167 ಅಡಿ.

ಬಕೆಟ್ ಸೂತ್ರ

ಇದು ನನಗೆ ತುಂಬ ಇಷ್ಟವಾದ ಭಾಗ. ಇದು ಸಿಕ್ಕ ಮೇಲೆ ಅಡಿ-ಇಂಚಿನ ತಂಟೆಗೇ ಹೋಗಿಲ್ಲ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಂಟಿಮೀಟರ್ ದಪ್ಪ ಏನನ್ನೇ ಹರಡಿದರೂ ಅದು ಸರಿಯಾಗಿ 10 ಲೀಟರ್. 100 ಸೆಂ.ಮೀ × 100 ಸೆಂ.ಮೀ × 1 ಸೆಂ.ಮೀ = 10,000 ಘನ ಸೆಂ.ಮೀ, ಅದನ್ನು 1000ದಿಂದ ಭಾಗಿಸಿದರೆ 10 ಲೀಟರ್. ಮನೆಯಲ್ಲಿ ಬಣ್ಣ ಬಳಿದ ಮೇಲೆ ಉಳಿಯುವ 20 ಲೀಟರಿನ ಬಕೆಟ್ ಇದ್ದರೆ:

ಚದರ ಮೀಟರ್ × ಸೆಂಟಿಮೀಟರ್ ÷ 2 = ಬಕೆಟ್

ನನ್ನ ನಾಲ್ಕು ಮಡಿ ಸೇರಿ 11 ಚದರ ಮೀಟರ್‌ಗೆ ಚೂರು ಹೆಚ್ಚು. 2 ಇಂಚು ಅಂದರೆ 5 ಸೆಂ.ಮೀ. 11 × 5 = 55, ಅದರ ಅರ್ಧ ಇಪ್ಪತ್ತೇಳೂವರೆ, ಅಂದರೆ 28 ಬಕೆಟ್. ಹಿಂದಿನ 20 ಘನ ಅಡಿಯ ಜೊತೆ ತಾಳೆ ನೋಡಿದೆ. ಒಂದು ಘನ ಅಡಿ 28.3 ಲೀಟರ್, ಇಪ್ಪತ್ತಕ್ಕೆ 566 ಲೀಟರ್, 20 ಲೀಟರಿನ ಬಕೆಟಿನಲ್ಲಿ 28. ಎರಡೂ ದಾರಿ ಒಂದೇ ಕಡೆ ಬಂದು ಸೇರಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಬಕೆಟ್ಟನ್ನು ಕಣ್ಣುಮುಚ್ಚಿ ನಂಬಬೇಡಿ. ಲೀಟರ್ ಬಾಟಲಿಯಲ್ಲಿ ನೀರು ತುಂಬಿ ಇಪ್ಪತ್ತು ಸಲ ಸುರಿದು, ನೀರು ನಿಂತ ಕಡೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ನನ್ನದರಲ್ಲಿ ಗೆರೆ ಅಂಚಿಗಿಂತ ಎರಡು ಬೆರಳು ಕೆಳಗೆ ಬಂತು. ಅಂಚಿನವರೆಗೆ ತುಂಬಿದರೆ 22 ಲೀಟರ್ ಹಿಡಿಯುತ್ತದೆ.

ದೊಡ್ಡ ಜಾಗಕ್ಕೂ ಇದೇ ಬರುತ್ತದೆ. ಒಂದು ಗುಂಟೆ 1089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಹಾಗಾಗಿ ಗುಂಟೆಗೆ ಒಂದು ಸೆಂಟಿಮೀಟರ್ ಹರಡಲು ಹತ್ತಿರ ಹತ್ತಿರ ಒಂದು ಘನ ಮೀಟರ್ ಬೇಕು. 5 ಸೆಂ.ಮೀ ಬೇಕಾದರೆ 5 ಘನ ಮೀಟರ್, 250 ಬಕೆಟ್. ಎಕರೆಗೆ 200 ಘನ ಮೀಟರ್. ಮೇಲೆ ಹೇಳಿದ ಟ್ರೇಲರ್ ಹಿಡಿಯುವುದು 3.4 ಘನ ಮೀಟರ್, ಆ ಲೆಕ್ಕದಲ್ಲಿ ಸುಮಾರು ಅರವತ್ತು ಲೋಡ್. ತೋಟದವರು ಇಡೀ ನೆಲ ಮುಚ್ಚದೆ ಗಿಡದ ಬುಡಕ್ಕೆ, ಸಾಲಿಗೆ ಮಾತ್ರ ಯಾಕೆ ಹಾಕುತ್ತಾರೆ ಅಂತ ಈ ಅಂಕಿ ನೋಡಿದ ಮೇಲೆ ಗೊತ್ತಾಯಿತು.

ಹಾಕಿದ ದಪ್ಪ ಬೇರೆ, ಕೂತ ದಪ್ಪ ಬೇರೆ

ಎರಡನೇ ಲೆಕ್ಕ ಸರಿಯಿತ್ತು. 28 ಬಕೆಟ್ ಎಣಿಸಿ ಹಾಕಿದೆ. ಮೊದಲ ದಿನ ಮಡಿಗಳು ಹೊಸ ಹಾಸಿಗೆಯ ಹಾಗೆ ಉಬ್ಬಿದ್ದವು. ದಿನಾ ನೀರು ಹಾಕುತ್ತಾ ಹತ್ತು ದಿನವಾದ ಮೇಲೆ ಟೊಮೆಟೊ ಗಿಡದ ಹತ್ತಿರ ಕೂತು ನೋಡಿದರೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಅಡುಕಿನ ಹಾಗೆ ಚಪ್ಪಟೆಯಾಗಿದ್ದವು. ಅಲ್ಲಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು, ಒಂದು ಕಡೆ ಆಗಲೇ ಕೊನ್ನಾರಿ ಕಳೆಯ ಮೊನೆ ಎದ್ದಿತ್ತು. ಸ್ಕೇಲ್ ಊರಿದೆ, ಎರಡೂವರೆ ಸೆಂಟಿಮೀಟರ್.

ಗಿಡಕ್ಕೆ ಬೇಕಾದದ್ದು ಕೂತ ಮೇಲಿನ ದಪ್ಪ. ನಾವು ಅಳೆದು ತರುವುದು ಉಬ್ಬಿದ ಎಲೆ. ನನ್ನ ಹೊಂಗೆ ಎಲೆ ಅರ್ಧಕ್ಕೆ ಇಳಿಯಿತು, ಹಾಗಾಗಿ ಬಕೆಟ್ ಎಣಿಕೆಯನ್ನು ಎರಡರಿಂದ ಗುಣಿಸಬೇಕಿತ್ತು: 28 ಅಲ್ಲ, 56. ಲೋಡಿನಲ್ಲಿ ಹೇಳುವುದಾದರೆ ಸುಮಾರು 40 ಘನ ಅಡಿ, ಟ್ರೇಲರಿನ ಮೂರನೇ ಒಂದು ಭಾಗ.

ಎಲ್ಲ ವಸ್ತುವೂ ಅರ್ಧಕ್ಕೇ ಇಳಿಯುವುದಿಲ್ಲ. ಭತ್ತದ ಹೊಟ್ಟು ಅಷ್ಟಾಗಿ ಕೂರುವುದಿಲ್ಲ, ಸಡಿಲವಾಗಿ ಉದುರಿಸಿದ ಭತ್ತದ ಹುಲ್ಲು ಚೆನ್ನಾಗಿಯೇ ಇಳಿಯುತ್ತದೆ. ನಿಮ್ಮ ಕೈಗೆ ಸಿಗುವ ವಸ್ತುವನ್ನು ನೀವೇ ಪರೀಕ್ಷೆ ಮಾಡಿ. ಒಂದು ಚದರ ಮೀಟರ್ ಜಾಗಕ್ಕೆ ನಾಲ್ಕು ಕಡ್ಡಿ ನೆಟ್ಟು, ಮೂರು ಬಕೆಟ್ ಸುರಿದು ಸಮ ಮಾಡಿ. ಸೂತ್ರದ ಪ್ರಕಾರ 6 ಸೆಂ.ಮೀ ಇರಬೇಕು. ವಾರ, ಹತ್ತು ದಿನ ನೀರು ಹಾಕಿ ಮತ್ತೆ ಅಳೆಯಿರಿ. 4 ಸೆಂ.ಮೀ ಉಳಿದರೆ ನಿಮ್ಮ ಗುಣಕ 6 ÷ 4 = 1.5.

ದಪ್ಪ ಎಷ್ಟಿರಬೇಕು ಅನ್ನುವುದಕ್ಕೆ ಸಾಮಾನ್ಯವಾಗಿ ಹೇಳುವುದು 5ರಿಂದ 10 ಸೆಂ.ಮೀ. ಒರಟು ವಸ್ತು ದಪ್ಪಗಿರಬಹುದು. ಹೊಟ್ಟು, ಮರದ ಪುಡಿಯಂಥ ನುಣ್ಣನೆಯದು ತೆಳ್ಳಗೇ ಇರಲಿ, ದಪ್ಪವಾದರೆ ಗಾಳಿ ಆಡುವುದಿಲ್ಲ. ಕಾಂಡಕ್ಕೆ ತಾಗದಂತೆ ಎರಡು-ಮೂರು ಇಂಚು ಬಿಡಿ. ಬೀಜ ಹಾಕಿದ ಸೊಪ್ಪಿನ ಮಡಿಗೆ ಮೊಳಕೆ ಬಂದು ನಿಲ್ಲುವ ತನಕ ಹೊದಿಕೆ ಬೇಡ. ನಮ್ಮ ಕಡೆ ರಾಗಿ ಹುಲ್ಲನ್ನು ಯಾರೂ ಹೊದಿಕೆಗೆ ಹಾಕುವುದಿಲ್ಲ, ಅದು ದನಕ್ಕೆ. ಅದು ಸರಿಯೂ ಹೌದು.

ದುಂಡು ಪಾತಿ

3.14 × ತ್ರಿಜ್ಯ × ತ್ರಿಜ್ಯ. ಪಾತಿಯ ಅಡ್ಡಗಲ ಅಳೆದು ಹಾಗೇ ಹಾಕಬೇಡಿ, ಅರ್ಧ ಮಾಡಿ. ಮರೆತರೆ ಉತ್ತರ ನಾಲ್ಕು ಪಟ್ಟಾಗುತ್ತದೆ. ತೆಂಗಿಗೆ ಶಿಫಾರಸು ಮಾಡುವ ಪಾತಿ ಬುಡದಿಂದ 1.8 ಮೀಟರ್, ಅಂದರೆ 10.2 ಚದರ ಮೀಟರ್. ಒಂದು ತೆಂಗಿನ ಬುಡಕ್ಕೂ ನನ್ನ ನಾಲ್ಕು ಮಡಿಗೂ ಹೆಚ್ಚುಕಮ್ಮಿ ಒಂದೇ ಹೊದಿಕೆ!

ಕಾಂಡದ ಸುತ್ತ ಬಿಟ್ಟ ಜಾಗವನ್ನು ಕಳೆಯಬೇಕೇ ಅಂತ ತುಂಬ ಹೊತ್ತು ಯೋಚಿಸಿದೆ. ಬುಡದಿಂದ 30 ಸೆಂ.ಮೀ ಬಿಟ್ಟರೂ ಅದು 0.28 ಚದರ ಮೀಟರ್, ನೂರಕ್ಕೆ ಮೂರು ಪಾಲೂ ಇಲ್ಲ. ಕಳೆಯುವುದು ಬೇಡ.

ತೆಂಗಿನ ಸಿಪ್ಪೆ ಹಾಕುವವರಿಗೆ ಒಂದು ಮರಕ್ಕೆ 250ರಿಂದ 300 ಸಿಪ್ಪೆ ಅನ್ನುತ್ತಾರೆ, ಉಬ್ಬು ಮೇಲೆ ಬರುವಂತೆ ಜೋಡಿಸಬೇಕು. ಇದನ್ನೂ ಲೆಕ್ಕದಲ್ಲಿ ಒರೆಗೆ ಹಚ್ಚಿದೆ. 10.2 ಚದರ ಮೀಟರನ್ನು 300ರಿಂದ ಭಾಗಿಸಿದರೆ ಒಂದು ಸಿಪ್ಪೆಗೆ 340 ಚದರ ಸೆಂ.ಮೀ, ಸುಮಾರು 20 × 17. ಕೊಟ್ಟಿಗೆಯಿಂದ ಒಂದು ಸಿಪ್ಪೆ ತಂದು ಮಗುಚಿ ಅಳೆದೆ, ಅಷ್ಟೇ ಇತ್ತು.

ಕಿಲೋ ಲೆಕ್ಕದಲ್ಲಿ ಕೊಡುವವರಿದ್ದರೆ

ಒಂದು ಬಕೆಟ್ ತುಂಬಿ ತೂಕ ಮಾಡಿ, ಬೇಕಾದ ಬಕೆಟ್ ಸಂಖ್ಯೆಯಿಂದ ಗುಣಿಸಿ. ನನ್ನ ಒಣ ಎಲೆ ಬಕೆಟಿಗೆ 1 ಕಿಲೋ 200 ಗ್ರಾಂ ತೂಗಿತು, ಭತ್ತದ ಹೊಟ್ಟು 2 ಕಿಲೋ ದಾಟಿತು. ನೆನೆದ ಎಲೆಯನ್ನು ತೂಕದಲ್ಲಿ ಕೊಳ್ಳಬೇಡಿ, ನೀರಿಗೆ ದುಡ್ಡು ಕೊಟ್ಟಂತಾಗುತ್ತದೆ.

ಮತ್ತೆ ಮೇಲೆ ಹಾಕುವಾಗ

ಇಡೀ ಲೆಕ್ಕ ಮತ್ತೆ ಮಾಡಬೇಕಿಲ್ಲ, ಕಡಿಮೆ ಬಿದ್ದ ದಪ್ಪಕ್ಕೆ ಮಾತ್ರ ಸಾಕು. ನನಗೆ ಕೂತ ಮೇಲೆ 5 ಸೆಂ.ಮೀ ಬೇಕು, ಇದ್ದದ್ದು 2.5. ಉಳಿದ 2.5ಕ್ಕೆ 11 × 2.5 ÷ 2 = 13.75, ಇಳಿತಕ್ಕೆ ಎರಡರಿಂದ ಗುಣಿಸಿದರೆ ಇಪ್ಪತ್ತೇಳೂವರೆ. ನಿನ್ನೆ ಸಂಜೆ 28 ಬಕೆಟ್ ಹಾಕಿ ಮುಗಿಸಿದೆ. ಕಡ್ಡಿಗಳನ್ನು ಕೀಳದೆ ಅಲ್ಲೇ ಬಿಟ್ಟಿದ್ದೇನೆ, ಹತ್ತು ದಿನ ಕಳೆದು ಸ್ಕೇಲ್ ಊರಬೇಕು.