ಕಡಿಮೆ ಎಣಿಸುವುದು ಬೇರೆ, ಹಗುರ ಮಾಡುವುದು ಬೇರೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ಆ ಹೊತ್ತಿಗೆ ಮೊಬೈಲಿಗೂ ಪೇಪರಿಗೂ ಎಚ್ಚರಿಕೆಗಳು ಬರತೊಡಗುತ್ತವೆ. ಅಂಥ ಎಚ್ಚರಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೆ ಒಂದು ಪದ ಕೈ ಕಟ್ಟಿಹಾಕುತ್ತದೆ: ಅಂಡರ್‌ಎಸ್ಟಿಮೇಟ್. ಬಿಸಿಲನ್ನು ಅಂಡರ್‌ಎಸ್ಟಿಮೇಟ್ ಮಾಡಬೇಡಿ ಅನ್ನೋದನ್ನ ಕನ್ನಡದಲ್ಲಿ ಹೇಗೆ ಹೇಳುವುದು?

'ಕಡಿಮೆ ಅಂದಾಜು ಮಾಡಬೇಡಿ' ಎಂದು ಬರೆದರೆ ಅದು ಇಲ್ಲಿಯವರಿಗೆ ತಟ್ಟುವುದಿಲ್ಲ. ಕಲಬುರಗಿ ಜನ ಬಿಸಿಲನ್ನು ಕಡಿಮೆ ಅಂದಾಜು ಮಾಡುವವರೇ ಅಲ್ಲ. ಇವತ್ತು ಎಷ್ಟು ಡಿಗ್ರಿ ಅಂತ ಚಹಾ ಅಂಗಡಿಯಲ್ಲಿ ಕೇಳಿ, ಹತ್ತಿರ ಹತ್ತಿರ ಸರಿಯಾಗಿಯೇ ಹೇಳುತ್ತಾರೆ. ಹೇಳಿ, 'ಬಿಸಲು ನಮಗೇನ್ ಹೊಸದೇನ್ರಿ' ಎಂದು ಟವೆಲ್ ಸುತ್ತಿಕೊಂಡು ಕಲ್ಲಿನ ಗಣಿಗೋ ಕಟ್ಟಡದ ಕೆಲಸಕ್ಕೋ ಹೊರಟೇಬಿಡುತ್ತಾರೆ. ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ, ಅದೂ ನಿಜ. ಆದರೆ ಆ ಮಾತಿನಲ್ಲಿ ಇರುವುದು ಲೆಕ್ಕದ ತಪ್ಪಲ್ಲ. ಅಳತೆ ಗೊತ್ತಿದೆ, ಅದಕ್ಕೆ ಬೆಲೆ ಕೊಡುತ್ತಿಲ್ಲ ಅಷ್ಟೆ. ಇದಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಹಗುರ ಮಾಡುವುದು, ಸಸಾರ ಮಾಡುವುದು, ತಾತ್ಸಾರ ಮಾಡುವುದು, ಕಿಮ್ಮತ್ತು ಕೊಡದಿರುವುದು.

ಲೆಕ್ಕದ ತಪ್ಪು ಬೇರೆ ಕಡೆ ಇದೆ. ಬಿಸಿಲಿನಿಂದ ಸತ್ತವರ ಎಣಿಕೆಯಲ್ಲಿ ಅದು ಕಾಣುತ್ತದೆ. ಹೃದಯದ ತೊಂದರೆ ಇದ್ದ ಅಜ್ಜ ಉರಿಬಿಸಿಲಿನ ದಿನ ತೀರಿಕೊಂಡರೆ ದಾಖಲೆಯಲ್ಲಿ ಹೃದಯಾಘಾತ ಎಂದಿರುತ್ತದೆ. ಬಿಸಿಲಿನ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಕಾರಣದ ಹಿಂದೆ ಹೋಗುವುದನ್ನು ಬಿಟ್ಟು ಬೇರೆ ದಾರಿ ಹಿಡಿದರು. ಆ ತಿಂಗಳು ಒಟ್ಟು ಎಷ್ಟು ಜನ ಸತ್ತರು, ಬಿಸಿಗಾಳಿ ಇಲ್ಲದ ವರ್ಷಗಳಲ್ಲಿ ಅದೇ ತಿಂಗಳು ಎಷ್ಟು ಜನ ಸತ್ತಿದ್ದರು, ಎರಡಕ್ಕೂ ಇರುವ ವ್ಯತ್ಯಾಸ ಎಷ್ಟು? 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪಮಾನ 46.8 ಡಿಗ್ರಿಗೆ ಏರಿತ್ತು. ಆ ತಿಂಗಳು ಹೀಗೆ ಲೆಕ್ಕ ಹಾಕಿದಾಗ ಹೆಚ್ಚುವರಿ ಸಾವು 1,344 ಎಂದು ಸಿಕ್ಕಿತು. ಆ ಪೆಟ್ಟಿನ ನಂತರವೇ, 2013ರಲ್ಲಿ, ಆ ನಗರ ಬಿಸಿಗಾಳಿಗೆ ಅಂತಲೇ ಒಂದು ಕ್ರಿಯಾ ಯೋಜನೆ ಮಾಡಿಕೊಂಡಿತು.

ಈಗ ನೋಡಿ. ಸಾವಿನ ಲೆಕ್ಕವೂ ಅಂಡರ್‌ಎಸ್ಟಿಮೇಟ್, 'ಬಿಸಲು ಹೊಸದೇನ್ರಿ' ಎನ್ನುವುದೂ ಅಂಡರ್‌ಎಸ್ಟಿಮೇಟ್. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಕೊಟ್ಟು ಸುಮ್ಮನಾಗುತ್ತದೆ. ಆದರೆ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಒಳ್ಳೆಯ ಎಣಿಕೆ ಬೇಕು. ಎರಡನೆಯದಕ್ಕೆ ಎಷ್ಟು ಅಂಕಿ ಕೊಟ್ಟರೂ ಉಪಯೋಗವಿಲ್ಲ. ನೆರಳು, ನೀರು, ಮಧ್ಯಾಹ್ನ ಬಿಡುವು ಕೊಟ್ಟರೂ ಕೈಸೇರುವ ಕೂಲಿ ಬೇಕು. ಅದರ ಜೊತೆಗೆ ತಾವು ನಂಬುವ ಮನುಷ್ಯರ ಬಾಯಿಂದ ಬಂದ ಮಾತು ಬೇಕು.

ಎಲ್ಲ ಭಾಷೆಗಳೂ ಇಂಗ್ಲಿಷಿನ ಹಾಗೆ ಎರಡನ್ನೂ ಒಂದೇ ಗಂಟಿಗೆ ಹಾಕಿಲ್ಲ. ಜರ್ಮನಿನಲ್ಲಿ 'ಶೆಟ್ಸೆನ್' ಎಂದರೆ ಅಂದಾಜು ಮಾಡು ಎಂದೂ ಹೌದು, ಬೆಲೆ ಕೊಡು ಎಂದೂ ಹೌದು. ಹೀಗೆ ಒಂದೇ ಬೇರು ಇದ್ದರೂ ಕೊಂಬೆ ಎರಡು ಒಡೆದಿವೆ. ಕಡಿಮೆ ಅಂದಾಜಿಗೆ 'ಉಂಟರ್‌ಶೆಟ್ಸೆನ್', ಕೀಳಾಗಿ ಕಾಣುವುದಕ್ಕೆ 'ಗೆರಿಂಗ್‌ಶೆಟ್ಸೆನ್'. ಚೀನಿಯರಿಗೆ ಅಂಕಿ ಕಡಿಮೆ ಹಿಡಿಯುವುದು 'ದೀಗೂ', ಮನುಷ್ಯನನ್ನು ಸಣ್ಣವನೆಂದು ಕಾಣುವುದು 'ಶಿಯಾವ್‌ಕಾನ್'. ಈ ಎರಡನೆಯದು ಅಕ್ಷರಶಃ 'ಸಣ್ಣ ನೋಟ'. ಜಪಾನಿಯರು ಎದುರಾಳಿಯನ್ನು ಹಗುರ ತಿಳಿದರೆ 'ಅಮಾಕು ಮಿರು' ಎನ್ನುತ್ತಾರೆ, ಸಿಹಿಯಾಗಿ ನೋಡಿದ ಎಂದು. ನನಗೆ ಬಹಳ ಇಷ್ಟವಾದದ್ದು ಇದು.

ನಮ್ಮ ಭಾಗದ ಮಾತಿನಲ್ಲಿ ಈ ಎಣಿಕೆ ಮತ್ತು ಬೆಲೆಯ ಕಥೆ ಇನ್ನೂ ರುಚಿಯಾಗಿದೆ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, ಆಮೇಲೆ ಬೀದರ್. ಅಲ್ಲಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವ ತನಕ ಕಚೇರಿ ಕಾಗದಗಳಲ್ಲಿ ಪಾರ್ಸಿ, ನಂತರ ಉರ್ದು ಬಹುಕಾಲ ನಡೆದವು. ಹಾಗಾಗಿ ಲೆಕ್ಕಪತ್ರದ ಮಾತೆಲ್ಲ ಆ ಕಡೆಯದು. 'ಸುಮಾರು' ತಗೊಳ್ಳಿ. ಪಾರ್ಸಿಯಲ್ಲಿ 'ಶುಮಾರ್' ಎಂದರೆ ಎಣಿಕೆ. ಕನ್ನಡಕ್ಕೆ ಬಂದ ಮೇಲೆ 'ಸುಮಾರು ನೂರು ಜನ' ಎಂದರೆ ಹೆಚ್ಚುಕಡಿಮೆ ನೂರು. 'ಊಟ ಸುಮಾರಾಗಿತ್ತು' ಎಂದರೆ? ಅಷ್ಟಕ್ಕಷ್ಟೆ. ಎಣಿಕೆಯ ಪದ ಸದ್ದಿಲ್ಲದೆ ಬೆಲೆ ಕಟ್ಟುವ ಪದವಾಗಿಬಿಟ್ಟಿದೆ. 'ಅವನು ಲೆಕ್ಕಕ್ಕೇ ಇಲ್ಲ' ಎನ್ನುವಾಗಲೂ ಹಾಗೆಯೇ, ಅಲ್ವಾ?

'ಅಂದಾಜು' ಇನ್ನೂ ಸೋಜಿಗದ್ದು. ಪಾರ್ಸಿಯಲ್ಲಿ 'ಅಂದಾಜಾ' ಅಂದರೆ ಅಳತೆ. ಪದದ ಕೊನೆಗೆ ಬರುವ 'ಅಂದಾಜ್' ಅಂದರೆ ಎಸೆಯುವುದು. ಬಾಣ ಬಿಡುವವನು ತೀರಂದಾಜ, ತೋಪು ಹಾರಿಸುವವನು ಗೋಲಂದಾಜ. ಇದರ ಮೊದಲಿಗೆ 'ನಜರ್', ಅಂದರೆ ನೋಟ, ಸೇರಿಸಿದರೆ ಏನಾಗುತ್ತದೆ? ಕಲಬುರಗಿಯ ಉರ್ದು ಮನೆಗಳಲ್ಲಿ 'ನಜರ್‌ಅಂದಾಜ್ ನಕ್ಕೊ ಕರೋ' ಎಂದರೆ ಕಡೆಗಣಿಸಬೇಡ, ಕಣ್ಣಿನಿಂದ ಆಚೆ ಎಸೆಯಬೇಡ. ಬೀದರ್ ಜಿಲ್ಲೆ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಕಂದಾಯ ಇಲಾಖೆಯವರು ಪ್ರತಿ ವರ್ಷ 'ನಜರ್ ಅಂದಾಜ್ ಪೈಸೆವಾರಿ' ಪ್ರಕಟಿಸುತ್ತಾರೆ. ಅದು ಬೆಳೆಯನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ, ರೂಪಾಯಿಗೆ ಎಷ್ಟು ಪೈಸೆ ಬೆಳೆ ಎಂದು ಹೇಳುವ ಲೆಕ್ಕ. 50 ಪೈಸೆಗಿಂತ ಕೆಳಗೆ ಬಂದರೆ ಬರದ ಸೂಚನೆ. ಅವೇ ಎರಡು ಪದ ಉರ್ದುವಿನಲ್ಲಿ ನೋಡದೆ ಬಿಡುವುದು, ಮರಾಠಿ ಕಚೇರಿಯಲ್ಲಿ ನೋಡಿ ಅಳೆಯುವುದು. ಭಾಲ್ಕಿ, ಔರಾದ್ ಕಡೆ ಎರಡೂ ಭಾಷೆ ಆಡುವವರು ಒಂದೇ ಬೀದಿಯಲ್ಲಿದ್ದಾರೆ.

ಇನ್ನು ತೂಕದ ಮಾತು. ಬೆಲೆ ಕೊಡದಿರುವುದನ್ನು 'ಹಗುರ' ಎನ್ನುವುದು ಕನ್ನಡದ ಒಂದೇ ಆಸ್ತಿಯಲ್ಲ. ತೆಲುಗಿನ 'ಚುಲಕನ', ಹಿಂದಿಯ 'ಹಲ್ಕೆ ಮೇ ಲೇನಾ', ಅರಬ್ಬಿಯ 'ಇಸ್ತಖಫ್ಫ', ಇವೆಲ್ಲದರ ಒಳಗೂ ಹಗುರ ಎಂಬ ಅರ್ಥವೇ ಕೂತಿದೆ. ಅತ್ತ ಗೌರವ ಎಂದರೆ ಗುರುತನ, ಅಂದರೆ ಭಾರ. ಹೀಬ್ರೂ ಭಾಷೆಯಲ್ಲೂ ಗೌರವಕ್ಕೂ ಭಾರಕ್ಕೂ ಬೇರು ಒಂದೇ. ಒಂದಕ್ಕೊಂದು ನಂಟಿಲ್ಲದ ಭಾಷಾ ಕುಟುಂಬಗಳು ಒಂದೇ ದಾರಿ ಹಿಡಿದಿವೆ ಎಂದ ಮೇಲೆ ಇದು ಬರೀ ಮಾತಿನ ರೂಢಿಯೋ, ಮೈಯಲ್ಲೇ ಇರುವ ಅನುಭವವೋ?

ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವರಿಗೆ ಭಾರದ ಬರೆಯುವ ಹಲಗೆ, ಕೆಲವರಿಗೆ ಹಗುರದ ಹಲಗೆ ಕೊಟ್ಟು, ಪರದೇಶದ ಹಣದ ಬೆಲೆ ಊಹಿಸಲು ಹೇಳಿದ್ದರು. ಭಾರದ ಹಲಗೆ ಹಿಡಿದವರು ಜಾಸ್ತಿ ಬೆಲೆ ಕಟ್ಟಿದರು. ಈ ಸುದ್ದಿ ಜಗತ್ತೆಲ್ಲ ಓಡಾಡಿತು. ಆದರೆ ತೂಕಕ್ಕೂ ಮಹತ್ವಕ್ಕೂ ಇರುವ ಈ ನಂಟನ್ನು ಅನೇಕ ವಿಶ್ವವಿದ್ಯಾಲಯಗಳು ಕೂಡಿ ಮತ್ತೆ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಆ ವರದಿ ಬಂದದ್ದು 2016ರಲ್ಲಿ. ಮಾತಿನಲ್ಲಿ ತೂಕ ಇದೆ, ಕೈಯಲ್ಲಿ ಹಿಡಿದ ತೂಕ ತೀರ್ಮಾನವನ್ನು ಬದಲಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಈ ಪ್ರಯೋಗವನ್ನು ಇವತ್ತಿಗೂ ಹಳೆಯ ಭರವಸೆಯಲ್ಲೇ ಹೇಳುವವರಿದ್ದಾರೆ. ಹಾಗೆ ಹೇಳಬಾರದು.

ಗಟ್ಟಿಯಾಗಿ ನಿಂತ ಪ್ರಯೋಗ ಇನ್ನೊಂದಿದೆ, ಅದು ಅನುವಾದಕರ ನಿದ್ದೆ ಕೆಡಿಸುವಂಥದ್ದು. 1979ರಲ್ಲಿ ಪೀಟರ್ ವೇಸನ್ ಮತ್ತು ಶುಲಿ ರೈಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಾಕ್ಯವನ್ನು ಜನರ ಮುಂದಿಟ್ಟರು. ಅದರ ಕನ್ನಡ ಹೀಗಾಗುತ್ತದೆ: 'ಕಡೆಗಣಿಸಲಾಗದಷ್ಟು ಸಣ್ಣ ತಲೆಗಾಯ ಯಾವುದೂ ಇಲ್ಲ.' ಆಸ್ಪತ್ರೆ ಗೋಡೆಯ ಮೇಲೆ ಇದನ್ನು ಓದಿದರೆ ಏನನಿಸುತ್ತದೆ? ತಲೆಗೆ ಎಷ್ಟು ಸಣ್ಣ ಪೆಟ್ಟು ಬಿದ್ದರೂ ಡಾಕ್ಟರಿಗೆ ತೋರಿಸಿ, ಅಂತ ಅಲ್ವಾ? ಇನ್ನೊಮ್ಮೆ ನಿಧಾನವಾಗಿ ಓದಿ. ಕಡೆಗಣಿಸಲು ಆಗದಂಥ ಗಾಯವೇ ಇಲ್ಲ ಎನ್ನುತ್ತಿದೆ ಅದು. ಅಂದರೆ ಎಲ್ಲ ಗಾಯವನ್ನೂ ಕಡೆಗಣಿಸಬಹುದು! ಸರಿಯಾದ ವಾಕ್ಯ, 'ಕಡೆಗಣಿಸುವಷ್ಟು ಸಣ್ಣ ತಲೆಗಾಯ ಯಾವುದೂ ಇಲ್ಲ.'

'ಇಲ್ಲ' ಒಂದು, 'ಆಗದ' ಒಂದು, 'ಸಣ್ಣ' ಒಂದು, 'ಕಡೆಗಣಿಸು' ಇನ್ನೊಂದು. ಇಷ್ಟು ನಿರಾಕರಣೆ ಒಂದೇ ಸಾಲಿನಲ್ಲಿ ಬಂದರೆ ಮಿದುಳು ಲೆಕ್ಕ ಬಿಟ್ಟು, ಲೋಕದಲ್ಲಿ ಯಾವುದು ಸಹಜವೋ ಆ ಅರ್ಥವನ್ನು ಹಿಡಿದುಕೊಳ್ಳುತ್ತದೆ. ಬೆಲೆ ಕೊಡದಿರುವ ಪದಗಳೆಲ್ಲದರ ಹೊಟ್ಟೆಯಲ್ಲೂ ಒಂದು 'ಇಲ್ಲ' ಅಡಗಿರುತ್ತದೆ. ಅದಕ್ಕೇ ಈ ಗೊಂದಲ ಇಲ್ಲೇ ಜಾಸ್ತಿ. ಇಂಗ್ಲಿಷ್ ಪತ್ರಿಕೆಗಳಲ್ಲಿ 'ಇದರ ಮಹತ್ವವನ್ನು ಅಂಡರ್‌ಎಸ್ಟಿಮೇಟ್ ಮಾಡಲು ಆಗದು' ಎಂಬ ಧಾಟಿಯ ಸಾಲು ಆಗಾಗ ಬರುತ್ತದೆ. ಕಟ್ಟುನಿಟ್ಟಾಗಿ ಓದಿದರೆ, ಎಷ್ಟು ಕಡಿಮೆ ಎಣಿಸಿದರೂ ಕಡಿಮೆಯೇನಲ್ಲ, ಅಷ್ಟು ಕ್ಷುಲ್ಲಕ ಎಂದಾಗುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು ಅದರ ತದ್ವಿರುದ್ಧ. ಇಂಗ್ಲಿಷಿನ 'ಕ್ಯಾನಾಟ್' ಒಂದೇ ಉಸಿರಿನಲ್ಲಿ 'ಆಗದು' ಮತ್ತು 'ಕೂಡದು' ಎರಡನ್ನೂ ಹೇಳುತ್ತದೆ. ಕನ್ನಡದಲ್ಲಿ ಆಗದು ಬೇರೆ, ಬಾರದು ಬೇರೆ. 'ಕಡೆಗಣಿಸಬಾರದು' ಎಂದರೆ ಅನುಮಾನಕ್ಕೆ ಜಾಗವೇ ಇಲ್ಲ.

ಹಾಗಾಗಿ ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಎಚ್ಚರಿಕೆಯ ಬೋರ್ಡು ಬರೆಯುವವರು ಇಂಗ್ಲಿಷಿನ ಆ ಒಂದು ಪದವನ್ನು ಪಕ್ಕಕ್ಕಿಟ್ಟು, ತಪ್ಪು ಯಾವ ಜಾತಿಯದು ಎಂದು ಮೊದಲು ಕೇಳಿಕೊಂಡರೆ ಸಾಕು. ವರದಿಯಲ್ಲಾದರೆ 'ಬಿಸಿಲಿನಿಂದಾದ ಸಾವುಗಳ ಲೆಕ್ಕ ಕಡಿಮೆ ಬಿದ್ದಿದೆ'. ಗಣಿಯ ಬಾಗಿಲಲ್ಲಾದರೆ 'ಬಿಸಿಲನ್ನು ಹಗುರ ತಿಳಿಯಬೇಡಿ, ಹನ್ನೆರಡರಿಂದ ಮೂರರ ತನಕ ನೆರಳಲ್ಲಿರಿ'. ಆ ಮೂರು ತಾಸಿನ ಕೂಲಿ ಕಡಿಯುವುದಿಲ್ಲ ಎಂಬ ಸಾಲನ್ನೂ ಮಾಲೀಕರ ಸಹಿ ಹಾಕಿಸಿ ಅದರ ಕೆಳಗೇ ಬರೆಯಬೇಕು.